ಮಣ್ಣು ತೆಗೆಯೋಕೆ ಮಣ್ಣು

ಅಮೆರಿಕದ ಫೀನಿಕ್ಸಿನಲ್ಲಿ ಮೊನ್ನೆ ಧೂಳಿನ ಬಿರುಗಾಳಿ. ಬೆಳಗ್ಗೆ ಎದ್ದು ನೋಡಿದರೆ ಹಿತ್ತಲಿನ ಈಜುಕೊಳದ ನೀರೆಲ್ಲ ಬಗ್ಗಡ, ಫಿಲ್ಟರಿನ ಒತ್ತಡ ತೋರಿಸುವ ಗೇಜು 12ರಿಂದ 22ಕ್ಕೆ ಏರಿ ಕೂತಿದೆ. ಮಾಮೂಲಿಗಿಂತ 8–10 ಪಿಎಸ್‌ಐ ಹೆಚ್ಚಾದರೆ ಬ್ಯಾಕ್‌ವಾಶ್ ಮಾಡಲೇಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಬೇಕು. ಈ ಸಲ ಅದೂ ಸಾಲಲಿಲ್ಲ. ಪಂಪ್ ನಿಲ್ಲಿಸಿ, ಪ್ರೆಶರ್ ಬಿಟ್ಟು, ಫಿಲ್ಟರಿನ ಟ್ಯಾಂಕೇ ಬಿಚ್ಚಿ, ಸೋಸುವ ಬಟ್ಟೆ ಹೊದಿಸಿದ ಚೌಕಟ್ಟುಗಳಾದ ಗ್ರಿಡ್‌ಗಳನ್ನು ಒಂದೊಂದಾಗಿ ತೊಳೆದೆ. ಕಸ ಸೋಸಲೆಂದು ಬಟ್ಟೆಗೆ ಹಾಕಿದ್ದ ಡಯಾಟಮ್ ಮಣ್ಣಿನ ಕಂದು ಲೇಪ, ಕಾವಲಿಯಿಂದ ದೋಸೆ ಏಳುವ ಹಾಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಇದರಲ್ಲಿ ಏನೋ ಸುಖವಿದೆ, ಸುಳ್ಳು ಯಾಕೆ ಹೇಳಲಿ.

ತೊಳೆದಾದ ಮೇಲೆ ಹೊಸದಾಗಿ ಅದೇ ಮಣ್ಣಿನ ಪುಡಿ ಹಾಕಬೇಕು ಅಂದಾಗ, ವಿಡಿಯೊ ಕಾಲಿನಲ್ಲಿ ಅಪ್ಪ, "ಅಲ್ವೋ, ಮಣ್ಣು ತೆಗೆಯೋಕೆ ಮತ್ತೆ ಮಣ್ಣೇ ಹಾಕ್ತೀಯಲ್ಲ?" ಅಂದರು.

ಮಣ್ಣೇ ಅಪ್ಪ, ಆದರೆ ಸಾಮಾನ್ಯದ್ದಲ್ಲ. ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿಗಳು ಲಕ್ಷಾಂತರ ವರ್ಷಗಳ ಹಿಂದೆ ಸತ್ತು ತಳ ಸೇರಿ ಬಿಟ್ಟುಹೋದ ಸಿಲಿಕಾ ಚಿಪ್ಪು. ಮರಳಿನ ಫಿಲ್ಟರ್ ಸುಮಾರು 20 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಸವನ್ನು ಹೆಚ್ಚಾಗಿ ಬಿಟ್ಟುಬಿಡುತ್ತೆ, ಇದು 5 ಮೈಕ್ರಾನಿನದನ್ನೂ ಹಿಡಿಯುತ್ತೆ. ನನ್ನ ಕೊಳದ ಪಾಚಿ ಹಿಡಿಯೋಕೆ ಅದರ ದೂರದ ನೆಂಟರ ಚಿಪ್ಪೇ ಬೇಕಾಯಿತಲ್ಲ ಅಂತ ನಗು ಬಂತು.

ಗ್ರಿಡ್ ಜೋಡಿಸಿದ ಮೇಲೆ ಸೋಸುವ ಬಟ್ಟೆಯ 10 ಚದರಡಿಗೆ 1 ಪೌಂಡ್ ಲೆಕ್ಕದಲ್ಲಿ ಈ ಪುಡಿಯನ್ನು ನೀರಲ್ಲಿ ಕದಡಿ, ಪಂಪ್ ಓಡುವಾಗಲೇ ಸ್ಕಿಮ್ಮರಿಗೆ (ಕೊಳದ ಮೇಲ್ಮೈ ನೀರನ್ನು ಒಳಗೆಳೆಯುವ ಬಾಯಿಗೆ) ನಿಧಾನಕ್ಕೆ ಸುರಿಯಬೇಕು. ಮಾಸ್ಕ್ ಮಾತ್ರ ಮರೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಈ ಧೂಳಿನ ಬಿರುಗಾಳಿಗಳನ್ನು ತರುವ ಇಲ್ಲಿನ ಮಾನ್ಸೂನ್ ಸೆಪ್ಟೆಂಬರ್ 30ರವರೆಗೆ. ಇನ್ನೊಂದು ಚೀಲ ಪುಡಿ ತಂದಿಡಬೇಕು.