ಹಗಲಿನ ನಿದ್ದೆ ರಾತ್ರಿಯ ನಿದ್ದೆಗೆ ಏಕೆ ಸಾಟಿಯಾಗದು?

ಮಂಡ್ಯ ಸೀಮೆಯಲ್ಲಿ ಪಂಪ್‌ಸೆಟ್ ನಂಬಿ ಕಬ್ಬು ಬೆಳೆಯುವವರ ದುಡಿಮೆಯ ಹೊತ್ತನ್ನು ತ್ರೀ ಫೇಸ್ ಕರೆಂಟ್ ಗೊತ್ತುಮಾಡುತ್ತದೆ. ಪಾಳಿ ರಾತ್ರಿಗೆ ಬಿದ್ದಾಗ ನಮ್ಮ ಚಿಕ್ಕಪ್ಪ ಟಾರ್ಚ್ ಹಿಡಿದು ಗದ್ದೆಗೆ ಹೋಗಿ, ಮೋಟಾರ್ ಹಾಕಿ, ಸನಿಕೆಯಿಂದ ಒಂದು ಸಾಲಿನ ಬಾಯಿ ಮುಚ್ಚಿ ಮುಂದಿನದನ್ನು ಬಿಡಿಸುತ್ತಾ ಕೋಳಿ ಕೂಗುವವರೆಗೂ ನೀರು ಕಟ್ಟುತ್ತಾರೆ. ಬೆಳಿಗ್ಗೆ ಬಂದು ಮಲಗಿದರೆ, ಎಷ್ಟೇ ದಣಿದಿದ್ದರೂ, ಮಧ್ಯಾಹ್ನದೊಳಗೆ ಅವರಿಗೆ ಎಚ್ಚರವಾಗಿಬಿಡುತ್ತದೆ.

ನಮ್ಮ ನಿದ್ದೆಯನ್ನು ಮುಖ್ಯವಾಗಿ ಎರಡು ವ್ಯವಸ್ಥೆಗಳು ನಿಯಂತ್ರಿಸುತ್ತವೆ. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ನಿದ್ದೆ ಮಾಡಿದಾಗ ಅದು ಇಳಿಯುತ್ತದೆ. (ಕಾಫಿಯ ಕೆಫೀನ್ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ದಣಿವನ್ನು ಮರೆಮಾಡುತ್ತದೆಯೇ ಹೊರತು ಕಳೆಯುವುದಿಲ್ಲ.) ಎರಡನೆಯದು ದೇಹದ ಗಡಿಯಾರ. ಮಿದುಳಿನ ಬುಡದ ಹೈಪೋಥಲಮಸ್ ಎಂಬ ಭಾಗದಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪು ಕಣ್ಣಿಗೆ ಬೀಳುವ ಬೆಳಕಿಗೆ ಅನುಗುಣವಾಗಿ ಹೊತ್ತನ್ನು ಹೊಂದಿಸಿಕೊಂಡು, ಕತ್ತಲಾದಾಗ ಮೈಯನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವಂತೆಯೂ ಬೆಳಗಾಗುತ್ತಲೇ ಮೈಯ ಉಷ್ಣತೆ ಏರುವಂತೆಯೂ ನೋಡಿಕೊಳ್ಳುತ್ತದೆ. ಇಂಥ ಗಡಿಯಾರವನ್ನು ವಂಶವಾಹಿಗಳು ಹೇಗೆ ನಡೆಸುತ್ತವೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ರಾತ್ರಿ ದುಡಿದು ಹಗಲು ಮಲಗುವವರಲ್ಲಿ ಈ ಎರಡೂ ಎದುರುಬದುರಾಗುತ್ತವೆ: ಅಡೆನೋಸಿನ್ ಮಲಗು ಎನ್ನುತ್ತದೆ, ಗಡಿಯಾರ ಏಳು ಎನ್ನುತ್ತದೆ. ನಿದ್ದೆ ಸುತ್ತು ಸುತ್ತಾಗಿ ಸಾಗುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವ ಗಾಢ ನಿದ್ದೆ ಮೊದಲ ಸುತ್ತುಗಳಲ್ಲೇ ಅಷ್ಟಿಷ್ಟು ಸಿಕ್ಕೀತು. ಕನಸುಗಳು ಹೆಚ್ಚಾಗಿ ಬೀಳುವ ಕೊನೆಯ ಸುತ್ತುಗಳು ಮಾತ್ರ ಬೇಗ ಎಚ್ಚರವಾದವರಿಗೆ ತಪ್ಪಿಹೋಗುತ್ತವೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಯ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ದೇಹದ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲೇ ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಗೆ ಸೇರಿಸಿದೆ. ಪಂಪ್‌ಸೆಟ್‌ಗಳಿಗೆ ಹಗಲು ಕರೆಂಟ್ ಕೊಡಿ ಎಂಬ ರೈತರ ಬೇಡಿಕೆಯನ್ನು ನಾವು ಹಾವು-ಚೇಳಿನ ಭಯಕ್ಕಷ್ಟೇ ಜೋಡಿಸಿ ಮಾತನಾಡುತ್ತೇವೆ. ನನ್ನ ಮಟ್ಟಿಗೆ ಅದು ನಿದ್ದೆಯ ಬೇಡಿಕೆಯೂ ಹೌದು.

ಹಗಲು ಮಲಗಿದವನನ್ನು ಹಳ್ಳಿಯಲ್ಲಿ ಸೋಮಾರಿ ಎನ್ನುವುದು ವಾಡಿಕೆ. ಅವನು ಮಲಗಿದ ಕೋಣೆಯ ಕಿಟಕಿಗೆ ದಪ್ಪನೆಯ ಕಂಬಳಿ ಇಳಿಬಿಟ್ಟು, ಟೀವಿ ಆರಿಸಿ, ಫೋನನ್ನು ಬೇರೆಯವರು ಇಟ್ಟುಕೊಂಡರೆ ನಿದ್ದೆ ಇನ್ನಷ್ಟು ಹೊತ್ತು ಹಿಡಿಯುತ್ತದೆ.