ಕುಲಪತಿಗೆ ಬೇಕಾದ ಒಂದು ಗುಣ

ವಿಶ್ವವಿದ್ಯಾಲಯದ ಕುಲಪತಿ ಆಗಲು ಪ್ರೊಫೆಸರ್ ಆಗಿಯೋ, ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲೋ ಕನಿಷ್ಠ 10 ವರ್ಷ ಕೆಲಸ ಮಾಡಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಹೀಗೆ ಹೇಳುತ್ತದೆ. ಶೋಧನಾ ಸಮಿತಿ ಮೂರರಿಂದ ಐದು ಹೆಸರು ಕೊಡುತ್ತದೆ, ಅದರಲ್ಲಿ ಒಬ್ಬರು ಬರುತ್ತಾರೆ. ವಿದ್ವತ್ತು, ಆಡಳಿತದ ಅನುಭವ ಎಲ್ಲ ಬೇಕು, ಸರಿ. ಆದರೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲಿ ಕನ್ನಡ ಪಾಠ ಮಾಡಿಕೊಂಡು ಬಂದ ನನಗೆ ಅದಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ಗುಣ. ಚಿಕ್ಕ ವಿಭಾಗದ ಪರವಾಗಿ ಗಟ್ಟಿಯಾಗಿ ನಿಲ್ಲುವ ಗುಣ.

ಪೆರ್ಲ, ಬದಿಯಡ್ಕ ಕಡೆಯಿಂದ ಬರುವ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಲಯಾಳ ಮಾತಾಡುತ್ತಾರೆ, ಓದುವುದು ಕಷ್ಟ. ಹುಡುಗಿಯೊಬ್ಬಳು ನೋಟಿಸ್ ಬೋರ್ಡಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು ಗೆಳತಿಗೆ ಕಳಿಸುತ್ತಿದ್ದಳು. "ಫೀಸು ಕಟ್ಟಲು ಕೊನೆಯ ದಿನ ಯಾವಾಗ, ಓದಿ ಹೇಳು ಮಾರಾಯ್ತಿ." ಓದಿನಲ್ಲಿ ಅವಳು ತುಂಬ ಚುರುಕು. ಇಂಥವರಿಗೆ ಕನ್ನಡ ವಿಭಾಗ ಅಂದರೆ ಬರೀ ಒಂದು ಸಬ್ಜೆಕ್ಟ್ ಅಲ್ಲ, ಹೋಗಿ ಸಂಶಯ ಕೇಳಬಹುದಾದ ಜಾಗ.

ಅಧ್ಯಾಪಕರೊಬ್ಬರು ನಿವೃತ್ತರಾದಾಗ ಮಕ್ಕಳ ಸಂಖ್ಯೆ ಕಡಿಮೆ ಅಂತ ಆ ಹುದ್ದೆಯನ್ನು ಖಾಲಿ ಬಿಡುವುದು ಸುಲಭ. ಅತಿಥಿ ಉಪನ್ಯಾಸಕರಲ್ಲಿ ವರ್ಷ ದೂಡಿದರಾಯಿತು. ಅಲ್ಲೇ ಕುಲಪತಿಯ ಪರೀಕ್ಷೆ. ಅವರೊಬ್ಬರೇ ಎಲ್ಲ ತೀರ್ಮಾನ ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ. ವಿಶ್ವವಿದ್ಯಾಲಯದ ಆಡಳಿತ ನೋಡುವ ಸಿಂಡಿಕೇಟ್ ಇದೆ, ಹಣಕಾಸು ಸಮಿತಿ ಇದೆ, ಸರ್ಕಾರ ಇದೆ. ಅದಕ್ಕೇ ಲೆಕ್ಕಪತ್ರ ಓದಲು ಬರಬೇಕು, ಎದುರು ಕೂತವರನ್ನು ಒಪ್ಪಿಸಲು ಬರಬೇಕು, ಆಗದಿದ್ದರೆ ಅದೇ ಫೈಲನ್ನು ಮತ್ತೆ ಮುಂದಿನ ಸಭೆಗೆ ತರುವ ಹಟವೂ ಬೇಕು. ಗಡಿಯಲ್ಲಿ ತಲೆ ಎಣಿಸಿ ಹುದ್ದೆ ಕೊಡುವುದು ಸರಿಯಲ್ಲ ಎಂದು ಹೇಳುವವರು ಆ ಕುರ್ಚಿಯಲ್ಲಿ ಇರಬೇಕು, ಅಲ್ವಾ?

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಆದರು. 1960ರವರೆಗೆ ಇದ್ದರು. ಅಲ್ಲಿನ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅನ್ನುವ ಹೆಸರು ಅವರು ಇಟ್ಟದ್ದು. ಆ ಹೆಸರಿಗಿಂತ ಜಾಸ್ತಿ ನನಗೆ ಮುಖ್ಯವೆನಿಸುವುದು, ಕಾಲೇಜಿನ ಪಾಠ ಕನ್ನಡದಲ್ಲೇ ಆಗಬಹುದು ಎಂದು ಅವರು ಪಟ್ಟು ಹಿಡಿದದ್ದು.

ನಮ್ಮ ಜಿಲ್ಲೆಯ ಪೆರಿಯದಲ್ಲಿರುವ, 2009ರಲ್ಲಿ ಶುರುವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಕುಲಪತಿಯ ಅವಧಿ ಐದು ವರ್ಷ. ದೂರದ ರಾಜ್ಯದಿಂದ ಬಂದವರಿಗೆ ಊರು ಅರ್ಥವಾಗಲು ಸಮಯ ಬೇಕು. ಹಾಗಾಗಿ ಯಾರೇ ಬರಲಿ, ಸ್ವಾಗತ ಸಮಾರಂಭಗಳು ಮುಗಿದ ಕೂಡಲೇ ಕುಂಬಳೆಯಿಂದ ಮಂಜೇಶ್ವರದವರೆಗಿನ ಕನ್ನಡ ಶಾಲೆಗಳಿಗೆ ಒಮ್ಮೆ ಹೋಗಿ ಬರಲಿ. ಹೆಡ್‌ಮಾಸ್ಟರರ ಹತ್ತಿರ, ಹತ್ತನೇ ಕ್ಲಾಸಿನ ಮಕ್ಕಳ ಹತ್ತಿರ ಕೂತು ಮಾತಾಡಲಿ. ಆಮೇಲೆ ಹುದ್ದೆಯ ಫೈಲ್ ಬಿಚ್ಚಲಿ.