ಹಳೆಯ ದರ ತೋರಿಸಿದ ಎರಡು ಕಂಪ್ಯೂಟರ್‌ಗಳು

ದಾವಣಗೆರೆಯ ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಒದಗಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಸಪೋರ್ಟ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮ ತಂತ್ರಾಂಶವನ್ನು ಯಾರೂ ಇನ್‌ಸ್ಟಾಲ್ ಮಾಡಿಕೊಳ್ಳಬೇಕಿಲ್ಲ. ಬ್ರೌಸರ್ ತೆರೆದು ಲಾಗಿನ್ ಆದರೆ ಸಾಕು. ಹೊಸ ಬದಲಾವಣೆಯನ್ನು ಸರ್ವರ್‌ಗೆ ಒಮ್ಮೆ ಹಾಕಿದರೆ ಅದು ಎಲ್ಲ ಅಂಗಡಿಗಳಿಗೂ ಒಟ್ಟಿಗೇ ತಲುಪುತ್ತದೆ ಎಂದು ಹೇಳಿಯೇ ನಾವು ಅದನ್ನು ಮಾರುತ್ತಿದ್ದೆವು. ಆ ಮಾತು ಪೂರ್ತಿ ನಿಜವಲ್ಲವೆಂಬುದು 2025ರ ಸೆಪ್ಟೆಂಬರ್ 22ರ ಸೋಮವಾರ ಬೆಳಿಗ್ಗೆ ಬಯಲಾಯಿತು.

ಅಂದಿನಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಟೂತ್‌ಪೇಸ್ಟ್, ಸ್ನಾನದ ಸಾಬೂನು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಇವುಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಬಟ್ಟೆ ಒಗೆಯುವ ಪುಡಿ ಶೇ 18ರಲ್ಲೇ ಉಳಿಯಿತು. ಹಿಂದಿನ ದಿನ ಮಹಾಲಯ ಅಮಾವಾಸ್ಯೆಯಾಗಿದ್ದರಿಂದ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಊಟ ಮುಗಿಸಿ ಸಂಜೆ ಕಚೇರಿಗೆ ಬಂದು, ರಾತ್ರಿ ಹನ್ನೆರಡರ ಹೊತ್ತಿಗೆ ಹೊಸ ದರಗಳ ಫೈಲನ್ನು ಸರ್ವರ್‌ಗೆ ಏರಿಸಿದೆವು. ನಮ್ಮ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಒಂದೆರಡು ಬಿಲ್ಲು ಹಾಕಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಇತ್ತು.

ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಚೌಕಿಪೇಟೆಯ ಒಬ್ಬ ವಿತರಕರ ಅಂಗಡಿಯಿಂದ ಲೆಕ್ಕ ನೋಡುವವರು ಫೋನ್ ಮಾಡಿದರು. "ಸರ್, ಒಂದೇ ಪೇಸ್ಟಿಗೆ ಈ ಕಂಪ್ಯೂಟರ್‌ನಾಗ ಐದು, ಆ ಕಂಪ್ಯೂಟರ್‌ನಾಗ ಹದಿನೆಂಟು ಬರ್ತೈತಲ್ರಿ." ಅವರಲ್ಲಿದ್ದ ಆರು ಕಂಪ್ಯೂಟರ್‌ಗಳ ಪೈಕಿ ನಾಲ್ಕು ಹೊಸ ದರ ತೋರಿಸುತ್ತಿದ್ದವು, ಎರಡು ಹಳೆಯ ದರಕ್ಕೇ ಅಂಟಿಕೊಂಡಿದ್ದವು. ರಿಫ್ರೆಶ್ ಎಷ್ಟು ಸಲ ಒತ್ತಿದರೂ ಬದಲಾಗುತ್ತಿರಲಿಲ್ಲ.

ಇಂಥ ಕರೆ ಬಂದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು "ಕ್ಯಾಶ್ ಕ್ಲಿಯರ್ ಮಾಡಿ" ಎಂಬುದು, ಅಂದರೆ ಮತ್ತೆ ಮತ್ತೆ ತರುವುದು ಬೇಡವೆಂದು ಬ್ರೌಸರ್ ತನ್ನಲ್ಲೇ ಉಳಿಸಿಕೊಂಡಿರುವ ಫೈಲ್‌ಗಳ ಪ್ರತಿಗಳನ್ನು ಅಳಿಸಿ ಎಂದು. (ಈ ಪದವೇ ವ್ಯಾಪಾರಸ್ಥರ ಊರಿಗೆ ಹೊಂದುವಂಥದ್ದಲ್ಲ. ಹಿಂದೊಮ್ಮೆ ನನ್ನ ಸಹೋದ್ಯೋಗಿ ಹೀಗೆ ಹೇಳಿದಾಗ ಒಬ್ಬ ಸಾಹುಕಾರರು, "ಇನ್ನೂ ಬೋಣಿನೇ ಆಗಿಲ್ಲ ತಮ್ಮಾ, ಏನಂತ ಕ್ಲಿಯರ್ ಮಾಡ್ಲಿ?" ಎಂದು ಕೇಳಿದ್ದರು.) ಅಂದು ಕೂಡ ನಾನು ಹಾಗೆಯೇ ಹೇಳಿದೆ. ಒಂದು ಕಂಪ್ಯೂಟರ್‌ನಲ್ಲಿ ಅವರು ಎಲ್ಲವನ್ನೂ ಅಳಿಸಿದರು, ದರ ಸರಿಯಾಯಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ನನಗೆ ಅನುಮಾನ ಹುಟ್ಟಿತು: ಒಂದೇ ಅಂಗಡಿ, ಒಂದೇ ಇಂಟರ್ನೆಟ್ ಸಂಪರ್ಕ, ಒಂದೇ ಬ್ರೌಸರ್ ಆಗಿರುವಾಗ ಆರರಲ್ಲಿ ಎರಡಕ್ಕೆ ಮಾತ್ರ ಹೀಗೇಕೆ ಆಗಬೇಕು? ಅದನ್ನೂ ಅಳಿಸಿಬಿಟ್ಟರೆ ಉತ್ತರ ಸಿಗುವ ಜಾಗವೇ ಉಳಿಯುವುದಿಲ್ಲ. ಅದನ್ನು ಮುಟ್ಟಬೇಡಿ, ಅದರಲ್ಲಿ ಬಿಲ್ಲನ್ನೂ ಹಾಕಬೇಡಿ ಎಂದು ಹೇಳಿ ವಿದ್ಯಾನಗರದಿಂದ ಬೈಕಿನಲ್ಲಿ ಹೊರಟೆ.

ಅಲ್ಲಿ ಮೊದಲು ಅದೇ ಕಂಪ್ಯೂಟರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಲಾಗಿನ್ ಆದೆ. ಆ ಕಿಟಕಿಯು ಬ್ರೌಸರ್ ಈಗಾಗಲೇ ಉಳಿಸಿಕೊಂಡಿರುವ ಪ್ರತಿಗಳನ್ನು ಬಳಸುವುದಿಲ್ಲ. ಅದರಲ್ಲಿ ದರ 5 ಎಂದೇ ಬಂತು. ಅಂದರೆ ಸರ್ವರ್ ಸರಿಯಿದೆ, ತಪ್ಪಾದ ಪ್ರತಿ ಈ ಕಂಪ್ಯೂಟರ್‌ನೊಳಗೇ ಇದೆ. ಎರಡೂ ಕಡೆ 18 ಬಂದಿದ್ದರೆ ನಾನು ಬ್ರೌಸರನ್ನು ಬಿಟ್ಟು ಸರ್ವರ್‌ನಲ್ಲೋ, ನಡುವಿನ ದಾರಿಯಲ್ಲೋ ಹುಡುಕಬೇಕಾಗುತ್ತಿತ್ತು. ನಂತರ ಸಾಮಾನ್ಯ ಕಿಟಕಿಯಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಟ್ಯಾಬಿಗೆ ಹೋಗಿ ಪುಟವನ್ನು ರಿಫ್ರೆಶ್ ಮಾಡಿದೆ. ಅಲ್ಲಿರುವ 'ಡಿಸೇಬಲ್ ಕ್ಯಾಶ್' ಎಂಬ ಚೌಕಕ್ಕೆ ಟಿಕ್ ಇರಬಾರದು; ಇದ್ದರೆ ಆ ಫಲಕ ತೆರೆದಿರುವಷ್ಟು ಹೊತ್ತು ಬ್ರೌಸರ್ ಎಲ್ಲವನ್ನೂ ಹೊಸದಾಗಿ ತರುವುದರಿಂದ ರೋಗವೇ ಕಾಣಿಸುವುದಿಲ್ಲ. ದರಗಳ ಫೈಲಿನ ಸಾಲಿನಲ್ಲಿ, ಗಾತ್ರ ಇರಬೇಕಾದ ಕಡೆ 'ಡಿಸ್ಕ್ ಕ್ಯಾಶ್' ಎಂದಿತ್ತು. ಅದರ ಮೇಲೆ ಒತ್ತಿ ಹೆಡರ್‌ಗಳನ್ನು, ಅಂದರೆ ಫೈಲಿನ ಜೊತೆ ಸರ್ವರ್ ಕಳಿಸಿದ ಸೂಚನೆಗಳನ್ನು, ನೋಡಿದಾಗ ಮ್ಯಾಕ್ಸ್-ಏಜ್ 604800 ಎಂದೂ, ದಿನಾಂಕ ಸೆಪ್ಟೆಂಬರ್ 18 ಎಂದೂ ಇತ್ತು. 604800 ಸೆಕೆಂಡ್ ಎಂದರೆ ಏಳು ದಿನ. ಏಳು ದಿನ ಈ ಪ್ರತಿಯನ್ನೇ ಬಳಸು, ನನ್ನನ್ನು ಕೇಳಲು ಬರಬೇಡ ಎಂದು ಬ್ರೌಸರಿಗೆ ಅಪ್ಪಣೆ ಕೊಟ್ಟಿದ್ದು ನಮ್ಮದೇ ಸರ್ವರ್. ಕ್ರೋಮ್‌ನಲ್ಲಿ ಸಾಮಾನ್ಯ ರಿಫ್ರೆಶ್ ಮುಖ್ಯ ಪುಟವನ್ನು ಮಾತ್ರ ಸರ್ವರ್‌ನಲ್ಲಿ ವಿಚಾರಿಸುತ್ತದೆ; ಆ ಪುಟ ಬಳಸುವ ಉಳಿದ ಫೈಲ್‌ಗಳ ಅವಧಿ ಮುಗಿದಿಲ್ಲವಾದರೆ ಅವುಗಳನ್ನು ತನ್ನ ಸಂಗ್ರಹದಿಂದಲೇ ಎತ್ತಿಕೊಳ್ಳುತ್ತದೆ. ಅವರು ಅಷ್ಟು ಸಲ ಒತ್ತಿದ್ದು ಈ ಕಾರಣಕ್ಕೆ ವ್ಯರ್ಥವಾಗಿತ್ತು.

ಸೆಪ್ಟೆಂಬರ್ 18 ಎಂಬ ದಿನಾಂಕ ನನ್ನನ್ನು ಚುಚ್ಚಿತು. ಆ ಗುರುವಾರ ಇದೇ ಕಂಪ್ಯೂಟರ್‌ನಲ್ಲಿ ಬಿಲ್ಲಿನ ಅಂಚು ಸರಿಯಾಗಿ ಪ್ರಿಂಟ್ ಆಗುತ್ತಿಲ್ಲವೆಂದು ಅವರು ಕರೆ ಮಾಡಿದ್ದರು, ನಾವು ಎಂದಿನಂತೆ ಕ್ಯಾಶ್ ಅಳಿಸಲು ಹೇಳಿದ್ದೆವು. ಪ್ರಿಂಟ್ ಸಮಸ್ಯೆ ಪ್ರಿಂಟರ್ ಸೆಟ್ಟಿಂಗ್‌ನದಾಗಿದ್ದರಿಂದ ಅದು ಅಳಿಸಿದ್ದಕ್ಕೆ ಹೋಗಲಿಲ್ಲ. ಆದರೆ ಬ್ರೌಸರ್ ಅಂದೇ ಹಳೆಯ ದರಗಳ ಫೈಲನ್ನು ಮತ್ತೆ ತಂದುಕೊಂಡು, ಏಳು ದಿನಗಳ ಎಣಿಕೆಯನ್ನು ಅಲ್ಲಿಂದ ಹೊಸದಾಗಿ ಆರಂಭಿಸಿತ್ತು. ಬೆಳಿಗ್ಗೆ ಅಳಿಸಿದ್ದ ಇನ್ನೊಂದು ಕಂಪ್ಯೂಟರ್‌ಗೆ ಶುಕ್ರವಾರ ಹೊಸದಾಗಿ ವಿಂಡೋಸ್ ಹಾಕಿಸಿದ್ದರು, ಹಾಗಾಗಿ ಅದೂ ಹಳೆಯ ದರಗಳ ಫೈಲನ್ನು ಆಗಲೇ ಹೊಸದಾಗಿ ತಂದುಕೊಂಡಿತ್ತು. ಮಿಕ್ಕ ನಾಲ್ಕರಲ್ಲಿದ್ದ ಪ್ರತಿಗಳ ಅವಧಿ ಸೋಮವಾರ ಅಂಗಡಿ ತೆರೆಯುವಷ್ಟರಲ್ಲಿ ಮುಗಿದಿತ್ತು, ಅದು ನಮ್ಮ ಅದೃಷ್ಟ ಅಷ್ಟೆ. ನಾವು ಮದ್ದೆಂದು ಕೊಟ್ಟಿದ್ದೇ ಅಲ್ಲಿ ಹಳೆಯ ದರದ ಆಯುಸ್ಸನ್ನು ಹೆಚ್ಚಿಸಿತ್ತು.

ಕಾರಣ ತಿಳಿದ ಮೇಲೂ ಪರಿಹಾರ ಸಲೀಸಾಗಿರಲಿಲ್ಲ. ಸರ್ವರ್‌ನಲ್ಲಿ ಏಳು ದಿನದ ಅವಧಿಯನ್ನು ಆ ಕ್ಷಣವೇ ತೆಗೆದೆವು, ಆದರೆ ಹಳೆಯ ಪ್ರತಿ ಇಟ್ಟುಕೊಂಡಿರುವ ಬ್ರೌಸರ್ ಕೇಳಲೇ ಬಾರದಿರುವಾಗ ಹೊಸ ಅಪ್ಪಣೆ ಅದಕ್ಕೆ ತಲುಪುವ ದಾರಿಯೇ ಇಲ್ಲ. ಒಂದು ಕಿಂಡಿ ಮಾತ್ರ ಉಳಿದಿತ್ತು. ಮುಖ್ಯ ಪುಟಕ್ಕೆ ನಾವು ನೋ-ಕ್ಯಾಶ್ ಎಂಬ ಸೂಚನೆ ಕೊಟ್ಟಿದ್ದೆವು. ಹೆಸರು ಕೇಳಿದರೆ ಉಳಿಸಿಕೊಳ್ಳಲೇಬೇಡ ಎಂಬ ಅರ್ಥ ಬಂದರೂ ಅದರ ನಿಜವಾದ ಅರ್ಥ, ಉಳಿಸಿಕೊ, ಆದರೆ ಬಳಸುವ ಮುನ್ನ ಪ್ರತಿ ಸಲವೂ ನನ್ನನ್ನು ಕೇಳು ಎಂದು. ಉಳಿಸಿಕೊಳ್ಳಲೇಬೇಡ ಎನ್ನುವುದು ನೋ-ಸ್ಟೋರ್. ಪುಟವು ಪ್ರತಿ ಸಲವೂ ಸರ್ವರ್‌ಗೆ ಬರುತ್ತಿದ್ದರಿಂದ, ಅದರಲ್ಲಿ ದರಗಳ ಫೈಲಿನ ಹೆಸರನ್ನೇ ಬದಲಾಯಿಸಿದೆವು. ಹೊಸ ಹೆಸರಿನ ಫೈಲು ಯಾವ ಬ್ರೌಸರ್‌ನ ಸಂಗ್ರಹದಲ್ಲೂ ಇಲ್ಲದ ಕಾರಣ ಎಲ್ಲವೂ ಅದನ್ನು ಸರ್ವರ್‌ನಿಂದ ತರಲೇಬೇಕಾಯಿತು. ಹನ್ನೊಂದೂವರೆಯ ಹೊತ್ತಿಗೆ ಅಂಗಡಿಗಳ ಕಂಪ್ಯೂಟರ್‌ಗಳೆಲ್ಲ ಸರಿಹೋದವು.

ಅಷ್ಟರಲ್ಲಿ ಆ ಎರಡು ಕಂಪ್ಯೂಟರ್‌ಗಳಿಂದ ಒಂಬತ್ತು ಬಿಲ್ಲುಗಳು ತಪ್ಪು ದರದಲ್ಲಿ ಹೊರಬಿದ್ದಿದ್ದವು. ಅವುಗಳಲ್ಲಿ ನಾಲ್ಕಕ್ಕೆ ಇ-ಇನ್‌ವಾಯ್ಸ್ ಆಗಿತ್ತು, ಅಂದರೆ ಅವು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗಿದ್ದವು. ಅವನ್ನು 24 ಗಂಟೆಯೊಳಗೆ ಪೋರ್ಟಲ್‌ನಲ್ಲಿ ರದ್ದು ಮಾಡಬಹುದು, ಆದರೆ ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಟೆಂಪೊ ಇನ್ನೂ ಹೊರಟಿರಲಿಲ್ಲವಾದ್ದರಿಂದ ಲೆಕ್ಕದವರು ಮಧ್ಯಾಹ್ನದ ಊಟ ಬಿಟ್ಟು ಹೊಸ ಸಂಖ್ಯೆಗಳಲ್ಲಿ ಬಿಲ್ಲು ಮಾಡಿ ಮುಗಿಸಿದರು. ನನ್ನನ್ನು ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಇದಕ್ಕಿಂತ ಕೆಟ್ಟದ್ದು ಅದೇ ಸಂಜೆ ನಡೆಯಿತು. ಆ ವಿತರಕರ ಲೈನ್ ಸೇಲ್ಸ್ ಹುಡುಗರು ಹಳ್ಳಿಗಳ ಅಂಗಡಿಗಳಿಗೆ ಟ್ಯಾಬ್ ಹಿಡಿದು ಹೋಗಿ ಆರ್ಡರ್ ಬರೆದುಕೊಳ್ಳುತ್ತಾರೆ. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯಲೆಂದು ಟ್ಯಾಬ್‌ಗಳಲ್ಲಿ ಸರ್ವಿಸ್ ವರ್ಕರ್ ಎಂಬ ವ್ಯವಸ್ಥೆ ಇಟ್ಟಿದ್ದೆವು. ಅದು ಬ್ರೌಸರ್‌ನ ಸಾಮಾನ್ಯ ಸಂಗ್ರಹಕ್ಕಿಂತ ಪ್ರತ್ಯೇಕವಾಗಿ ತನ್ನದೇ ಪ್ರತಿಗಳನ್ನು ಇಟ್ಟುಕೊಂಡು, ಪುಟ ಕೇಳಿದ್ದನ್ನು ತಾನೇ ಕೊಡುತ್ತದೆ. ಹೊಸ ಆವೃತ್ತಿ ಬಂದರೂ, ಹಳೆಯದನ್ನು ಬಳಸುತ್ತಿರುವ ಪುಟಗಳೆಲ್ಲ ಮುಚ್ಚುವವರೆಗೆ ಅದು ಸರದಿಯಲ್ಲಿ ಕಾಯುತ್ತದೆ. ಕಾಯದಂತೆ ಬೇರೆ ಏರ್ಪಾಡು ಮಾಡಬಹುದಾಗಿತ್ತು, ನಾವು ಮಾಡಿರಲಿಲ್ಲ. ಆ ಹುಡುಗರು ಪುಟವನ್ನು ಎಂದೂ ಮುಚ್ಚುತ್ತಿರಲಿಲ್ಲ, ಪರದೆ ಆರಿಸಿ ಬ್ಯಾಗಿಗೆ ಹಾಕುತ್ತಿದ್ದರು ಅಷ್ಟೆ. ಜಗಳೂರು ಕಡೆಯಿಂದ ಬಂದ ಒಬ್ಬ ಹುಡುಗ ಹಳೆಯ ದರ ಕಾಣಿಸುತ್ತಿದೆ ಎಂದು ಫೋನ್ ಮಾಡಿದಾಗ, ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದ್ದ ಸಹೋದ್ಯೋಗಿ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಚೌಕಗಳಿಗೂ ಟಿಕ್ ಹಾಕಿ ಅಳಿಸುವಂತೆ ಹೇಳಿದರು. ದರ ಸರಿಯಾಯಿತು. ಜೊತೆಗೆ, ಇನ್ನೂ ಸರ್ವರ್‌ಗೆ ಕಳಿಸದೆ ಟ್ಯಾಬ್‌ನಲ್ಲೇ ಇದ್ದ ಹನ್ನೊಂದು ಅಂಗಡಿಗಳ ಆರ್ಡರ್‌ಗಳೂ ಅಳಿಸಿಹೋದವು.

ಅಲ್ಲಿ ಎರಡು ಬೇರೆ ಬೇರೆ ಚೌಕಗಳಿರುತ್ತವೆ. 'ಕ್ಯಾಶ್ ಆದ ಚಿತ್ರಗಳು ಮತ್ತು ಫೈಲ್‌ಗಳು' ಎಂಬುದನ್ನು ಅಳಿಸಿದರೆ ಹೋಗುವುದು ಮತ್ತೆ ತರಬಹುದಾದ ಪ್ರತಿಗಳು. 'ಕುಕೀಸ್ ಮತ್ತು ಸೈಟ್ ಡೇಟಾ' ಎಂಬುದನ್ನು ಅಳಿಸಿದರೆ ಲಾಗಿನ್ ಹೋಗುತ್ತದೆ, ಆ ಸೈಟ್ ಸಾಧನದಲ್ಲಿ ಉಳಿಸಿಟ್ಟಿದ್ದ ಕೆಲಸವೂ ಹೋಗುತ್ತದೆ, ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ. ಸರ್ವಿಸ್ ವರ್ಕರ್‌ನ ಹಳೆಯ ಫೈಲ್‌ಗಳಿರುವುದೂ ಈ ಎರಡನೆಯ ಗುಂಪಿನಲ್ಲಿಯೇ ಆದ್ದರಿಂದ ಸಹೋದ್ಯೋಗಿ ಹೇಳಿದ ಉಪಾಯ ಫಲಿಸಿತು, ಅದೇ ಕಾರಣಕ್ಕೆ ನಷ್ಟವೂ ಆಯಿತು. ಆರ್ಡರ್‌ಗಳನ್ನು ಮೊದಲು ಕಳಿಸಿ, ಆಮೇಲೆ ಪುಟವನ್ನು ಪೂರ್ತಿ ಮುಚ್ಚಿ ತೆರೆದಿದ್ದರೆ ಸಾಕಾಗುತ್ತಿತ್ತು. ಹುಡುಗನಿಗೆ ಏಳು ಅಂಗಡಿಗಳ ಆರ್ಡರ್ ನೆನಪಿತ್ತು. ಮಿಕ್ಕ ನಾಲ್ಕು ಅಂಗಡಿಗಳಿಗೆ ಅವನು ನಮ್ಮ ಕಚೇರಿಯಲ್ಲೇ ಕೂತು ಫೋನ್ ಮಾಡಿದ. ಆ ಸಹೋದ್ಯೋಗಿಯ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಅವರು ಕಲಿತಿದ್ದು ನನ್ನ ಬಾಯಿಂದಲೇ.

ನಂತರದ ವಾರಗಳಲ್ಲಿ ತಂತ್ರಾಂಶದಲ್ಲಿ ಹಲವು ತಿದ್ದುಪಡಿಗಳಾದವು. ಪ್ರೋಗ್ರಾಂ ಫೈಲ್‌ಗಳು ಬದಲಾದಾಗಲೆಲ್ಲ ಅವುಗಳ ಹೆಸರೂ ತಾನಾಗಿ ಬದಲಾಗುವಂತೆ ಮಾಡಿದ್ದರಿಂದ ಅವುಗಳನ್ನು ವರ್ಷಗಟ್ಟಲೆ ಉಳಿಸಿಕೊಂಡರೂ ತೊಂದರೆಯಿಲ್ಲ. ದರಗಳನ್ನು ಫೈಲಿನಿಂದ ಹೊರತೆಗೆದು, ಜಾರಿಗೆ ಬರುವ ದಿನಾಂಕದೊಂದಿಗೆ ಡೇಟಾಬೇಸ್‌ನಲ್ಲಿ ಇಟ್ಟೆವು. ಇದನ್ನು ಮೊದಲೇ ಮಾಡಬೇಕಿತ್ತು: ಜಿಎಸ್‌ಟಿ ಮಂಡಳಿ ತನ್ನ ತೀರ್ಮಾನವನ್ನು ಸೆಪ್ಟೆಂಬರ್ 3ರಂದೇ ಪ್ರಕಟಿಸಿತ್ತು. ದಿನಾಂಕ ಕಟ್ಟಿದ ದರಪಟ್ಟಿಯನ್ನು ಆ ವಾರವೇ ಕಳಿಸಿದ್ದರೆ, ಏಳು ದಿನ ಹಳೆಯದಾದ ಪ್ರತಿಯೂ 22ರಂದು ಸರಿಯಾದ ತೆರಿಗೆಯನ್ನೇ ಹಾಕುತ್ತಿತ್ತು. ಬ್ರೌಸರ್ ಲೆಕ್ಕ ಮಾಡಿ ಕಳಿಸಿದ ತೆರಿಗೆಯನ್ನು ಸರ್ವರ್ ಕಣ್ಣು ಮುಚ್ಚಿ ಒಪ್ಪುತ್ತಿದ್ದುದು ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನಾಚಿಕೆ ತಂದ ಸಂಗತಿ. ಈಗ ಅದು ತಾನೇ ಮತ್ತೊಮ್ಮೆ ಲೆಕ್ಕ ಮಾಡಿ, ತಾಳೆಯಾಗದ ಬಿಲ್ಲನ್ನು ಹಿಂದಕ್ಕೆ ಕಳಿಸುತ್ತದೆ. ಟ್ಯಾಬ್‌ನಲ್ಲಿ ಕಳಿಸದ ಆರ್ಡರ್‌ಗಳೆಷ್ಟಿವೆ ಎಂಬುದು ಪರದೆಯ ಮೇಲ್ಭಾಗದಲ್ಲಿ ಕೆಂಪು ಅಂಕಿಯಲ್ಲಿ ಕಾಣುತ್ತದೆ, ಅದು ಸೊನ್ನೆಯಾಗುವವರೆಗೆ ಏನನ್ನೂ ಅಳಿಸುವಂತೆ ನಾವು ಯಾರಿಗೂ ಹೇಳುವುದಿಲ್ಲ.

ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಹಾಕಿದ್ದೇವೆ. ಚೌಕಿಪೇಟೆಯ ಆ ಲೆಕ್ಕದವರು ಈಗ ಫೋನ್ ಮಾಡಿದರೆ ನಮಸ್ಕಾರಕ್ಕೂ ಮೊದಲು ಆ ಸಂಖ್ಯೆಯನ್ನೇ ಓದುತ್ತಾರೆ, ಆಮೇಲೆ ಪಕ್ಕದ ಕಂಪ್ಯೂಟರ್‌ನಲ್ಲಿ ಎಷ್ಟಿದೆ ಎಂದು ಕತ್ತು ಚಾಚಿ ನೋಡಿ ಅದನ್ನೂ ಹೇಳುತ್ತಾರೆ.